ಹೆಂಡತಿಯ ಹೃದಯದಲ್ಲಿ ನಾನು ಹಿಡಿದ ಡಿಸೈನ್ ತಪ್ಪು

ದೊಡ್ಡಬಳ್ಳಾಪುರದಲ್ಲಿ ಸೀರೆಗಳಿಗೆ ಗ್ರಾಫ್ ಹಾಳೆಯ ಮೇಲೆ ಡಿಸೈನ್ ಬರೆಯುವವನು ನಾನು. ಆದ್ದರಿಂದ, ಹೆಂಡತಿ ಶಾರದಳ ಪಿತ್ತಕೋಶದ ಆಪರೇಷನ್ನಿಗೆ ಮುಂಚೆ ಇಸಿಜಿ ತೆಗೆದ ನರ್ಸ್, ಗುಲಾಬಿ ಬಣ್ಣದ ಗ್ರಾಫ್ ಹಾಳೆಯನ್ನು ಕೈಗಿತ್ತು "ಡಾಕ್ಟ್ರಿಗೆ ತೋರ್ಸಿ" ಎಂದಾಗ, ಡಾಕ್ಟರರ ಅಗತ್ಯವಾದರೂ ಏನು ಅನ್ನಿಸಿತು!

ಬೆಂಚಿನ ಮೇಲೆ ಕೂತು ಹಾಳೆ ಬಿಡಿಸಿದೆ. ಆಹಾ, ಏನು ಕುಸುರಿ! ಮೊದಲೊಂದು ಪುಟ್ಟ ದಿಬ್ಬ, ಆಮೇಲೆ ಚೂಪು ಗೋಪುರ, ಕೊನೆಗೆ ನುಣ್ಣನೆಯ ಗುಡ್ಡ. ಇಂಥದ್ದೊಂದು ಅಂಚು ನೇಯಿಸಬೇಕು ಎಂದುಕೊಳ್ಳುವಷ್ಟರಲ್ಲಿ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಅದರಲ್ಲಿ ದಿಬ್ಬ, ಗೋಪುರ, ಗುಡ್ಡ ಎಲ್ಲವೂ ತಲೆಕೆಳಗು! ನಮ್ಮಲ್ಲಿ ಹೀಗಾದರೆ ತಕ್ಷಣ ಮಗ್ಗ ನಿಲ್ಲಿಸುತ್ತೇವೆ.

ಹಾಳೆ ತಿರುಗಿಸಿದೆ. ಆ ಸಾಲು ಸರಿಹೋಯಿತು, ಮಿಕ್ಕವೆಲ್ಲ ತಲೆಕೆಳಗಾದವು!

"ಯಾಕ್ರೀ ಹಿಂಗೆ ಬೆವರ್ತಿದ್ದೀರ?" ಎಂದಳು ಶಾರದ.

"ನಿನ್ನ ಹೃದಯದಲ್ಲಿ ಒಂದು ಎಳೆ ಉಲ್ಟಾ ಓಡ್ತಿದೆ ಕಣೇ! ಆಪರೇಷನ್ ಬೇಡ, ನಡಿ ಮನೆಗೆ."

"ಹೊಟ್ಟೆನೋವಲ್ಲಿ ನರಳೋಳು ನಾನು. ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದೇ? ಹತ್ತಿರದ ಸಾಸಲು ಊರಿನಲ್ಲಿದ್ದ ಭಾಮೈದನಿಗೆ ಫೋನ್ ಮಾಡಿದೆ. ಅವನು ಅತ್ತೆಯನ್ನೂ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ಅಳು ಶುರುಮಾಡಿದರು. ಗದ್ದಲ ಕೇಳಿ ಡಾಕ್ಟರರೇ ಹೊರಬಂದು ಹಾಳೆ ನೋಡಿದರು.

"ಎಲ್ಲಾ ಸರಿಯಾಗಿದೆ ರೀ. ಹೃದಯದ ಕರೆಂಟು ಎಡಗಡೆ ಕೆಳಕ್ಕೆ ಹರಿಯುತ್ತೆ. ಈ ಸಾಲು ಅದನ್ನ ಬಲಭುಜದ ಕಡೆಯಿಂದ ನೋಡುತ್ತೆ. ದೂರ ಹೋಗೋ ಅಲೆ ಅಲ್ಲಿಗೆ ಉಲ್ಟಾನೇ ಕಾಣ್ಬೇಕು. ನೆಟ್ಟಗಿದ್ದಿದ್ರೆ ನಾನು ಗಾಬರಿಯಾಗ್ತಿದ್ದೆ!"

ಅತ್ತೆಯ ಅಳು ನಿಂತಿತು. ನನ್ನ ಕುತೂಹಲ ಎದ್ದಿತು.

"ಮತ್ತೆ ಆ ಪುಟ್ಟ ದಿಬ್ಬ ಸಾರ್?"

"ಹೃದಯದ ಮೇಲಿನ ಕೋಣೆಗಳಿಗೆ ಕರೆಂಟು ಹರಡಿದಾಗ ದಿಬ್ಬ, ಕೆಳಗಿನವಕ್ಕೆ ಹರಡಿದಾಗ ಗೋಪುರ."

"ಕೊನೇ ಗುಡ್ಡ?"

"ಮುಂದಿನ ಬಡಿತಕ್ಕೆ ತಯಾರಾಗೋದು. ನೀವು ತುಂಬಾ ಬೆವರ್ತಿದ್ದೀರ. ಮಲಕ್ಕೊಳ್ಳಿ, ನಿಮ್ದೂ ತೆಗೆಸೋಣ."

ಮೈತುಂಬ ವೈರು ಅಂಟಿಸಿದರೂ ನನ್ನ ಪ್ರಶ್ನೆಗಳು ನಿಲ್ಲಲಿಲ್ಲ. ಕತ್ತೆತ್ತಿ, ಕೈಬೀಸಿ ಕೇಳುತ್ತಲೇ ಇದ್ದೆ. ಹಾಳೆ ಹೊರಬಂತು. ದಿಬ್ಬವಿಲ್ಲ, ಗುಡ್ಡವಿಲ್ಲ, ಬರೀ ಗೀಚು!

"ಅಯ್ಯೋ, ನಾನು ಹೋದೆ!"

"ಎಲ್ಲೂ ಹೋಗಿಲ್ಲ ಸಾರ್," ಎಂದಳು ನರ್ಸ್. "ಮಾತಾಡ್ತಾ ಅಲ್ಲಾಡ್ತಿದ್ರೆ ಹಿಂಗೇ ಬರೋದು. ಬಾಯ್ಮುಚ್ಕೊಂಡು ಮಲಗಿ."

ಮತ್ತೆ ತೆಗೆದರು. "ಯಾಕೆ ಹಂಗೆ ಬರುತ್ತೆ?" ಎಂದೆ. ಮತ್ತೆ ಗೀಚು!

ಶಾರದ ಡಾಕ್ಟರರ ಕಡೆ ತಿರುಗಿದಳು.

"ಡಾಕ್ಟ್ರೇ, ಇವರು ಬಾಯಿ ಮುಚ್ಚೋವಷ್ಟರಲ್ಲಿ ನನ್ ಆಪರೇಷನ್ ಮುಗಿಸ್ಬಿಡಿ!"