ಅಮಾವಾಸ್ಯೆಯ ದಿನ ನಡೆದ ಧೂಳು ತಪಾಸಣೆ

ಈ ವೃತ್ತಾಂತವನ್ನು ಹೇಳುವುದರಲ್ಲಿ ಏನಾದರೂ ಕೊರತೆ ಕಂಡುಬಂದಲ್ಲಿ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ನಾನು ತಪ್ಪಿದರೆ ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ. ಬೈಯುವವರು ಮಾತ್ರ ಎಲ್ಲರೂ ಇದ್ದಾರೆ.

ಕವಿತಾಳದ ಸಮೀಪವಿರುವ ನಮ್ಮ ಹಳ್ಳಿಗೆ ಹೊಂದಿಕೊಂಡು ಒಂದು ಕಲ್ಲು ಕ್ವಾರಿ, ಅದರ ಪಕ್ಕದಲ್ಲೇ ಕಲ್ಲು ಪುಡಿ ಮಾಡುವ ಕ್ರಷರ್. ಊರಿನ ಕೊನೆಯ ಮನೆ ನಮ್ಮದು, ಹಾಗಾಗಿ ಧೂಳಿಗೆ ಮೊದಲ ಮನೆಯೂ ನಮ್ಮದೇ. ಹೆರಿಗೆಗೆಂದು ಮಾನ್ವಿಯ ತವರಿಗೆ ಹೋದ ನನ್ನ ಪತ್ನಿ ಸುಮಂಗಲಾ, ಮಗಳು ಬೋರಲು ಬೀಳುವುದನ್ನು ಕಲಿತರೂ ಹಿಂದಿರುಗಿರಲಿಲ್ಲ. ಕರೆತರಲು ಹೋದರೆ ಅತ್ತೆಯವರು ಬಾಗಿಲಲ್ಲೇ ತೀರ್ಪಿತ್ತರು.

“ನಿಮ್ಮ ಮನ್ಯಾಗ ರೊಟ್ಟಿ ಮ್ಯಾಲ ಧೂಳು, ನೀರಾಗ ಧೂಳು. ಎಳೀ ಕೂಸಿನ್ನ ಹ್ಯಾಂಗ ಕಳಸಬೇಕ್ರೀ ಅಳಿಯಾರ? ಮದ್ಲು ಆ ಮಶೀನ್ ಬಂದ್ ಮಾಡಸ್ರಿ, ಆಮ್ಯಾಲ ತೊಟ್ಲ ಒಯ್ರಿ.”

ನಾನು ದೇವದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಧೂಳಿಗೆ ಸೋಲುವುದು ನನ್ನ ವಿಷಯಕ್ಕೇ ಅವಮಾನ. ಕ್ವಾರಿಯಲ್ಲಿ ಪರಿಸರ ನಿಯಮಗಳ ಪಾಲನೆಯಾಗುತ್ತಿದೆಯೇ ಎಂದು ಪರಿಶೀಲಿಸಬೇಕೆಂದು ಕೋರಿ ರಾಯಚೂರಿನ ಮಾಲಿನ್ಯ ನಿಯಂತ್ರಣ ಕಚೇರಿಗೆ ಅರ್ಜಿ ಸಲ್ಲಿಸಿದೆ. ಸಾಕಷ್ಟು ಅಲೆದಾಟದ ನಂತರ ಅಧಿಕಾರಿ ಮೇಡಂ ಫೋನ್ ಮಾಡಿ, ಯಾವ ದಿನ ಬರಬೇಕೆಂದು ನನ್ನನ್ನೇ ಕೇಳಿದರು. ಸರ್ಕಾರ ನನ್ನ ಅನುಕೂಲ ವಿಚಾರಿಸಿದ್ದು ಜೀವನದಲ್ಲಿ ಅದೇ ಮೊದಲು. ಪಾಠಗಳಿಲ್ಲದ ದಿನವೊಂದನ್ನು ಗತ್ತಿನಿಂದ ಸೂಚಿಸಿದೆ.

“ಅವತ್ತು ಅಮಾಸಿ ಅದಲ್ಲೋ ಯಪ್ಪಾ,” ಎಂದಳು ಅವ್ವ.

“ವಿಜ್ಞಾನಕ್ಕ ಅಮಾಸಿ, ಹುಣ್ಣಿವಿ ಇರಂಗಿಲ್ಲ ಬೇ.”

ವಿಜ್ಞಾನಕ್ಕೆ ಇರಲಿಕ್ಕಿಲ್ಲ. ಕ್ರಷರಿಗೆ ಇತ್ತು. ನಮ್ಮ ಸೀಮೆಯಲ್ಲಿ ಅಮಾವಾಸ್ಯೆಯಂದು ಎತ್ತಿನ ಹೆಗಲಿಗೆ ನೊಗವಿಲ್ಲ. ಯಂತ್ರಗಳನ್ನೂ ನಿಲ್ಲಿಸಿ, ತೊಳೆದು ಪೂಜಿಸುತ್ತಾರೆ. ಮೇಡಂ ಬಂದಿಳಿದಾಗ ಕ್ರಷರ್ ವಿಭೂತಿ ಬಳಿದುಕೊಂಡು, ಮಾಲೆ ಧರಿಸಿ, ಮದುಮಗನಂತೆ ಮೌನವಾಗಿ ನಿಂತಿತ್ತು. ಲಾರಿಗಳನ್ನು ತೊಳೆದ ನೀರಿನಿಂದ ದಾರಿಯೂ ತೊಯ್ದಿತ್ತು.

“ಎಲ್ಲದರೀ ನಿಮ್ಮ ಧೂಳು?” ಎಂದರು ಮೇಡಂ.

“ಇವತ್ತೊಂದಿನ ಇಲ್ರೀ ಮೇಡಂ. ನಾಳಿ ಬಂದ್ರ…”

“ನಾಳಿ ನಾವು ತಂದ ಈ ಅಳತಿ ಮಶೀನು ಬ್ಯಾರೆ ತಾಲೂಕಿಗೆ ಹೋಗ್ತದ್ರೀ. ಬಂದೀವಿ, ಇಟ್ಟು ಹೋಗ್ತೀವಿ.”

ಧೂಳು ಅಳೆಯುವ ಯಂತ್ರವನ್ನು ನಮ್ಮ ಮಾಳಿಗೆಯ ಮೇಲಿಟ್ಟು, ಅವರು ಕ್ವಾರಿ ನೋಡಲು ನಡೆದರು. ಅದು ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಅದರಲ್ಲಿರುವ ಧೂಳನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿದಿಡುತ್ತದೆಂದು ಅವ್ವನಿಗೆ ವಿವರಿಸಿದೆ. ವರ್ಷವಿಡೀ ಧೂಳು ನುಂಗಿದ ಮನೆ ಸರ್ಕಾರಿ ದಾಖಲೆಯಲ್ಲಿ ಗಿರಿಧಾಮವಾಗಲಿತ್ತು.

ಅಷ್ಟರಲ್ಲಿ ಕ್ವಾರಿಯ ಸಾಹುಕಾರರು ಪೂಜೆಯ ಪ್ರಸಾದ ಹಿಡಿದು ಬಂದರು. “ಮಾಸ್ತರ, ಸರಿಯಾಗಿ ಅಮಾಸಿ ನೋಡಿ ತಪಾಸಣಿ ಇಡಿಸೀರಿ. ನಿಮ್ಮಂಥೋರು ಊರಿಗೊಬ್ರು ಇರಬೇಕ್ರೀ.”

ನಾನು ಖಂಡಿಸಬೇಕಿತ್ತು. ಬಾಯಲ್ಲಿ ಅವರದೇ ಪೇಢೆ ಇತ್ತು.

ಅವರನ್ನು ಕಳುಹಿಸಿ ಮಾಳಿಗೆ ಏರಿದರೆ ಅಲ್ಲಿ ಹೊಗೆಯೋ ಹೊಗೆ. ಯಂತ್ರದ ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವು, ಮುಂದೆ ಒಡೆದ ಕಾಯಿ. ಅದು ಗಾಳಿ ಎಳೆಯುವ ಬಾಯಿಗೆ ಸರಿಯಾಗಿ ಕೆಂಡದ ಬಟ್ಟಲು ಹಿಡಿದು ಅವ್ವ ಲೋಬಾನದ ಧೂಪ ಹಾಕುತ್ತಿದ್ದಳು.

“ಏನ್ ಮಾಡಾಕತ್ತಿ ಬೇ?”

“ಅಮಾಸಿ ದಿನ ಮನಿಗೆ ಬಂದ ಮಶೀನು, ಪೂಜಿ ಮಾಡಲಾರದ ಕಳಸಾಕ ಆಗ್ತದೇನು? ಗಾಳಿ ಎಳಕೊಂತದ ಅಂತ ನೀನ ಹೇಳಿದಿ. ಒಂದೀಟು ಘಮ ಎಳಕೊಳ್ಳಲಿ ಬಿಡು. ನಮ್ಮ ಕೂಸು ಮನಿಗೆ ಬರೂ ಹಂಗ ಮಾಡಪ್ಪಾ ಅಂತ ಬೇಡಿಕೊಂಡೀನಿ.”

ಬೈಯಲಾಗಲಿಲ್ಲ. ಹೊಗೆಯನ್ನಾದರೂ ಓಡಿಸೋಣವೆಂದು ಜೋಳ ಕೇರುವ ಮೊರ ತಂದು ಬಲವಾಗಿ ಬೀಸಿದೆ. ಬಟ್ಟಲಿನ ಬೂದಿಯೂ ಎದ್ದಿತು. ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರನ ಕಣ್ಣೆದುರೇ ಯಂತ್ರ ಎಲ್ಲವನ್ನೂ ಕುಡಿದುಬಿಟ್ಟಿತು.

ವರದಿ ಬಂದಿತು: ಧೂಳಿನ ಪ್ರಮಾಣ ಮಿತಿ ಮೀರಿದೆ; ಅದರ ಮೂಲ ಅರ್ಜಿದಾರರ ಮನೆ; ಕ್ವಾರಿಯಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ. ರಾಯಚೂರಿಗೆ ಧಾವಿಸಿ, ಇದು ಘೋರ ಅನ್ಯಾಯವೆಂದು ಮೇಜು ಕುಟ್ಟಿದೆ. ಮೇಡಂ ಯಂತ್ರದೊಳಗಿನ ಆ ಬಿಳಿ ಕಾಗದವನ್ನೇ ಮುಂದಿಟ್ಟು, “ನೀವ ಮೂಸಿ ನೋಡ್ರಿ ಸರ್,” ಎಂದರು. ಮೂಸಿದೆ. ದೇವರ ಕೋಣೆಯ ವಾಸನೆ. ಮರುತಪಾಸಣೆಗೆ ಮತ್ತೊಂದು ಅರ್ಜಿ ಕೊಟ್ಟಿದ್ದೇನೆ, ಅದು ಪರಿಶೀಲನೆಯಲ್ಲಿದೆಯಂತೆ. ಧೂಳು ಬೀಳುವುದಕ್ಕೆ ಯಾರ ಪರಿಶೀಲನೆಯೂ ಬೇಕಿಲ್ಲ, ಅದು ಬೀಳುತ್ತಲೇ ಇದೆ.

ಈಗ ನಾವು ಮಾನ್ವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಸುಮಂಗಲಾ, ಮಗಳು, ಅವ್ವ ಎಲ್ಲರೂ ಜೊತೆಗಿದ್ದಾರೆ. ಹಳ್ಳಿಯಲ್ಲಿದ್ದ ಒಂದು ಎಮ್ಮೆಯನ್ನು ಮಾರಿದೆವು. ಹಳ್ಳಿಯ ಮನೆಯನ್ನು ಸಾಹುಕಾರರು ಕ್ರಷರಿನ ಆಫೀಸಿಗೆಂದು ಕೇಳಿದರು. ಕೊಟ್ಟಿದ್ದೇನೆ. ಅವರು ಕೊಡುವ ಬಾಡಿಗೆಯಲ್ಲೇ ಇಲ್ಲಿನ ಬಾಡಿಗೆ ಕಟ್ಟುತ್ತೇವೆ.