ಒಂದೇ ಬುಡ್ಡಿಯ ಲಸಿಕೆ

ಖರ್ಚಾಗಿ ಹೋಗುವ ಪದಾರ್ಥವನ್ನು ಯಾರ ನೆನಪಿಗೂ ಇಟ್ಟುಕೊಳ್ಳಬಾರದು. ಇದು ನಾನು ತಡವಾಗಿ ಕಲಿತ ಪಾಠ. ನಮ್ಮ ಬೀದಿಯ ಕೊನೆಮನೆಯ ಪುಟ್ಟಮ್ಮನವರು ತೀರಿಕೊಂಡ ಗಂಡನ ಕೊಡೆ ಇಟ್ಟುಕೊಂಡಿದ್ದಾರೆ. ಅದು ಜಾಣತನ. ಕೊಡೆ ಸುಲಭವಾಗಿ ಸವೆಯುವುದಿಲ್ಲ, ಅದರಲ್ಲೂ ಅವರು ಅದನ್ನು ಬಿಚ್ಚುವುದೇ ಇಲ್ಲ, ಮಳೆ ಬಂದರೆ ಕೊಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾವು ನೆನೆದುಕೊಂಡು ಬರುತ್ತಾರೆ. ನನಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ನನ್ನ ಹೆಂಡತಿ ರತ್ನ ಹೋದ ಮೇಲೆ ಅವಳು ಹಾಕಿಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿಯನ್ನು ನೆನಪಿಗೆಂದು ಇಟ್ಟುಕೊಂಡೆ. ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ನೆಕ್ಕುತ್ತಾ ಜೋಪಾನ ಮಾಡಿದ್ದೆ. ವರ್ಷದ ತಿಥಿಗೆ ಬಂದ ಅವಳ ತಮ್ಮ, "ಅಕ್ಕನ ಕೈರುಚಿ ಭಾವ, ಅಕ್ಕನ ಕೈರುಚಿ" ಎಂದು ಕಣ್ಣೀರು ಸುರಿಸಿಕೊಂಡೇ ಜಾಡಿಯ ತಳ ಕಾಣಿಸಿಬಿಟ್ಟ. ಅಳುವವನ ಕೈಯಿಂದ ಜಾಡಿ ಕಿತ್ತುಕೊಳ್ಳಲು ಆಗುತ್ತದೆಯೇ?

ಆಮೇಲೆ ನನ್ನ ಹತ್ತಿರ ಉಳಿದಿದ್ದು ಇನ್ನೊಂದೇ ಒಂದು. ಅದನ್ನು ಮಗಳಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನಗಬೇಕೆನಿಸಿದರೆ ನಗಿ, ನನಗಂತೂ ಕಾಣಿಸುವುದಿಲ್ಲ.

ನಾನು ಬೇಲೂರಿನವನು, ಬಸ್ ಕಂಡಕ್ಟರಾಗಿ ಧೂಳು ಕುಡಿದು, ದಮ್ಮು ಕಾಯಿಲೆ ಹತ್ತಿಸಿಕೊಂಡು ರಿಟೈರಾದವನು. ಬೇಲೂರಿನಿಂದ ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವುದು, ಬರುವುದು, ಇಷ್ಟೇ ನಾನು ಜೀವಮಾನದಲ್ಲಿ ಮಾಡಿದ ದೇಶ ಸಂಚಾರ. ಕೊರೊನಾ ಲಸಿಕೆ ಬಂದಾಗ ನಮ್ಮೂರ ಶಾಲೆಯೊಂದರಲ್ಲಿ ಹಾಕುತ್ತಿದ್ದರು. ರತ್ನಳಿಗೆ ಸೂಜಿ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಕೋಣೆಯ ಬಾಗಿಲಲ್ಲೇ ನಿಂತು, "ರೀ, ಮೊದ್ಲು ನೀವು ಹಾಕಿಸ್ಕಳಿ. ನಿಮಗೇನಾದ್ರೂ ಆದ್ರೆ ನಾನು ಹಾಕಿಸ್ಕಳಲ್ಲ" ಎಂದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಏತಕ್ಕೆ ಇಟ್ಟುಕೊಂಡಿದ್ದಳು ಎಂಬುದು ಅವತ್ತು ಸ್ಪಷ್ಟವಾಯಿತು. ನರ್ಸಮ್ಮ ನಕ್ಕು, "ಬನ್ರಮ್ಮ, ಇಬ್ರಿಗೂ ಒಂದೇ ಬುಡ್ಡೀದು. ಅವ್ರಿಗೆ ಆಗಿದ್ದೇ ನಿಮಗೂ ಆಗೋದು" ಎಂದರು. ಚುಚ್ಚಿಸಿಕೊಂಡು ಹೊರಗೆ ಬಂದು ಮಕ್ಕಳ ಪುಟ್ಟ ಬೆಂಚಿನ ಮೇಲೆ, ಮೊಣಕಾಲು ಎದೆಗೆ ಬರುವಂತೆ ಕುಳಿತೆವು. ಅವಳಿಗೆ ಧೈರ್ಯ ಬಂದಿತ್ತು. "ನೋಡ್ರೀ, ಮದ್ವೇಲಿ ಬೂವ ಉಂಡಿದ್ದು ಬಿಟ್ರೆ ನಾವಿಬ್ರೂ ಒಂದ್ರಲ್ಲಿ ಹಂಚ್ಕಂಡಿದ್ದು ಇವತ್ತೇ" ಎಂದಳು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣನ್ನು ಒಂದೇ ತಟ್ಟೆಗೆ ಕೂರಿಸಿ ಉಣ್ಣಿಸುತ್ತಾರೆ, ಅದು ಬೂವ. ಅವಳು ಹೇಳಿದ್ದು ಸುಳ್ಳಲ್ಲ. ಕಂಡಕ್ಟರನ ಹೆಂಡತಿ ಗಂಡನ ಜೊತೆ ಕೂತು ಉಣ್ಣುವುದು ಮುಷ್ಕರ ನಡೆದಾಗ ಮಾತ್ರ.

ಎರಡನೆಯ ಡೋಸನ್ನೂ ಹೀಗೇ ಜೊತೆಯಲ್ಲಿ ಹಾಕಿಸಿಕೊಂಡೆವು. ಕೊರೊನಾ ಅವಳ ತಂಟೆಗೆ ಬರಲೇ ಇಲ್ಲ. ಅವಳಿಗಿದ್ದ ಹಳೆಯ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು, ಆಸ್ಪತ್ರೆ ಮನೆ, ಮನೆ ಆಸ್ಪತ್ರೆ ಎಂದು ಓಡಾಡಿಸಿ, ಮುಂದಿನ ವರ್ಷ ಅವಳನ್ನು ಕರೆದುಕೊಂಡು ಹೋಯಿತು. ಆ ಓಡಾಟದ ಬಗ್ಗೆ ಬರೆಯಲಾರೆ, ಬಿಡಿ.

ಮಗಳು ಸುಮಾ ಅರಸೀಕೆರೆಯಲ್ಲಿದ್ದಾಳೆ. ಅಮ್ಮನಿಗೆ ಹೀಗಾದ ಮೇಲೆ ಅವಳಿಗೆ ನನ್ನ ಮೇಲೂ ಗುಮಾನಿ. ಒಂದು ದಿನ ಎಳೆದುಕೊಂಡು ಹೋಗಿ ಲ್ಯಾಬಿನಲ್ಲಿ ಕೂರಿಸಿ ಇರುವ ಬರುವ ಪರೀಕ್ಷೆಯನ್ನೆಲ್ಲಾ ಮಾಡಿಸಿದಳು. ಲ್ಯಾಬ್ ಇಟ್ಟಿರುವ ಧರಣೇಂದ್ರ ಹಳೇಬೀಡಿನ ಜೈನರ ಮನೆಯವನು. ಕಾಲೇಜಿಗೆ ಹೋಗುವಾಗ ನನ್ನ ಬಸ್ಸಿನಲ್ಲಿ ಫುಟ್‌ಬೋರ್ಡ್ ಮೇಲೆ ನೇತಾಡುತ್ತಾ ನನ್ನಿಂದ ಬೈಸಿಕೊಂಡವನು. ಈಗ ನನ್ನ ರಕ್ತ ತೆಗೆದು ಸೇಡು ತೀರಿಸಿಕೊಳ್ಳುತ್ತಿದ್ದಾನೆ. ವರದಿ ಕೊಡುತ್ತಾ, "ಶುಗರ್ ಪರವಾಗಿಲ್ಲ ಅಣ್ಣ. ಕೊರೊನಾ ಜೊತೆ ಹೊಡೆದಾಡೋ ಪ್ರತಿಕಾಯನೂ ನೋಡಿದೀನಿ, ಲಸಿಕೆದು ಇನ್ನೂ ಐತೆ, ಆದ್ರೆ ಇಳೀತಾ ಐತೆ" ಎಂದ. ಲಸಿಕೆ ಹಾಕಿಸಿಕೊಂಡ ಮೇಲೆ ಕೆಲವು ವಾರ ಅದು ಏರುತ್ತದಂತೆ, ಆಮೇಲೆ ತಿಂಗಳು ಕಳೆದಂತೆ ಇಳಿಯುತ್ತಾ ಹೋಗುತ್ತದಂತೆ. ಎಲ್ಲರಿಗೂ ಹಾಗೇ, ಗಾಬರಿಯಾಗುವುದು ಬೇಡ ಎಂದ.

"ಇಳಿದು ಎಲ್ಲಿಗೆ ಹೋಗ್ತವಪ್ಪ?" ಎಂದೆ. ಕಂಡಕ್ಟರ್ ಕೇಳಬೇಕಾದ ಪ್ರಶ್ನೆ ತಾನೇ?

"ಎಲ್ಲಿಗೂ ಹೋಗಲ್ಲ ಅಣ್ಣ. ಸವೆದು ಹೋಗ್ತವೆ ಅಷ್ಟೇ."

ಆ ಬೆಂಚಿನ ಮೇಲೆ ಅವಳ ಪಕ್ಕ ಕೂತ ದಿನದ್ದು ನನ್ನ ಮೈಯಲ್ಲಿ ಇನ್ನೂ ಇದೆ ಎಂದು ಗೊತ್ತಾದ ಕ್ಷಣದಲ್ಲೇ ಅದು ಮುಗಿಯುತ್ತಿದೆ ಎಂದೂ ಗೊತ್ತಾಯಿತು. ಅವಳ ಪಾಲಿನದು ಅವಳ ಜೊತೆ ಸುಟ್ಟು ಹೋಯಿತು. ನನ್ನ ಪಾಲನ್ನಾದರೂ ಉಳಿಸಿಕೊಳ್ಳಬೇಡವೇ?

ಅಲ್ಲಿಂದ ಶುರುವಾಯಿತು ನೋಡಿ ನನ್ನ ಜಿಪುಣತನ. ಕಾಯಿಲೆ ಒಳಗೆ ಬಂದರೆ ತಾನೇ ಇವು ಖರ್ಚಾಗುವುದು, ಬರದಂತೆ ನೋಡಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ಊರವರೆಲ್ಲ ಮಾಸ್ಕನ್ನು ಒಲೆಗೆ ಹಾಕಿದ ಮೇಲೆ ನಾನು ಒಂದರ ಮೇಲೊಂದು ಎರಡು ಕಟ್ಟಿಕೊಂಡು ತಿರುಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರ್ ಗೆಳೆಯ ಸಿಕ್ಕು, "ಏನ್ಲಾ, ಯಾವ್ದಾದ್ರೂ ಬ್ಯಾಂಕ್ ದೋಚಕ್ಕೆ ಹೊಂಟಿದ್ದೀಯ?" ಎಂದು ಎಲ್ಲರೆದುರಿಗೆ ಕೇಳಿದ. ಕೇಳಲಿ. ಮೂರು ನಾಲ್ಕು ತಿಂಗಳಿಗೊಮ್ಮೆ, ಮೊಮ್ಮಗಳನ್ನು ನೋಡುವ ನೆಪದಲ್ಲಿ ಅರಸೀಕೆರೆಗೆ ಹೋಗಿ, ಮಗಳಿಗೆ ಗೊತ್ತಾಗದಂತೆ ಲ್ಯಾಬಿಗೆ ನುಗ್ಗಿ ತೋಳು ಚಾಚುತ್ತಿದ್ದೆ. ಪ್ರತಿ ಸಲವೂ ಇಳಿದಿರುತ್ತಿತ್ತು. ಸುಮಾ ಮಾತ್ರ ಬೂಸ್ಟರ್ ಹಾಕಿಸಿಕೊಳ್ಳಿ ಎಂದು ಪ್ರಾಣ ತಿನ್ನುತ್ತಿದ್ದಳು. ಹೊಸಬರು ಬಂದ ಮೇಲೆ ಹಳಬರನ್ನು ಯಾರು ಉಳಿಸುತ್ತಾರೆ? ನಮ್ಮ ಡಿಪೋದಲ್ಲಿ ನೋಡಿಲ್ಲವೇ ನಾನು? ಜ್ವರ ಇದೆ, ಸೊಂಟ ನೋವಿದೆ, ಅಮಾವಾಸ್ಯೆ ಇದೆ ಎಂದು ಜಾರಿಕೊಳ್ಳುತ್ತಿದ್ದೆ. "ಅಮ್ಮ ಇದ್ದಿದ್ರೆ ಕಿವಿ ಹಿಂಡಿ ಕರ್ಕೊಂಡು ಹೋಗೋಳು ಅಪ್ಪ" ಎಂದು ಒಂದು ಸಲ ಫೋನಿನಲ್ಲೇ ಅತ್ತಳು. ಅಮ್ಮನ ದೆಸೆಯಿಂದಲೇ ಹಾಕಿಸಿಕೊಳ್ಳುತ್ತಿಲ್ಲ ಎಂದು ಮಗಳಿಗೆ ಹೇಗೆ ಹೇಳಲಿ? ಚಾರ್ಜ್ ಮುಗೀತು ಎಂದು ಹೇಳಿ ಫೋನಿಟ್ಟೆ.

ಈ ನಡುವೆ ಹಳೇಬೀಡಿನಲ್ಲಿ ಅದೇ ಡ್ರೈವರ್ ಗೆಳೆಯನ ಮಗನ ಮದುವೆಯಾಯಿತು. ಊಟಕ್ಕೆ ಮಾಸ್ಕ್ ತೆಗೆಯಲೇಬೇಕಲ್ಲ, ತೆಗೆದೆ. ಬಂದ ಮೇಲೆ ನೆಗಡಿ, ಮೈಕೈ ನೋವು, ಸ್ವಲ್ಪ ಜ್ವರ. ಐಸ್‌ಕ್ರೀಮಿನ ಮೇಲೆ ತಪ್ಪು ಹೊರಿಸಿ, ಮೆಣಸಿನ ಕಷಾಯ ಕುಡಿದು ಮಲಗಿದೆ. ಮೆಣಸು ಎಷ್ಟು ಹಾಕಬೇಕೆಂದು ಗೊತ್ತಿಲ್ಲದೆ ಜ್ವರಕ್ಕಿಂತ ಕಷಾಯವೇ ಹೆಚ್ಚು ಬೆವರಿಳಿಸಿತು. ಮೂರ್ನಾಲ್ಕು ದಿನಕ್ಕೆ ಎದ್ದು ಓಡಾಡಿದೆ.

ಮುಂದಿನ ಸಲ ಲ್ಯಾಬಿಗೆ ಹೋದಾಗ ಧರಣೇಂದ್ರ ವರದಿ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. "ಏನಣ್ಣ, ನಮಗೆ ಹೇಳ್ದಂಗೆ ಬೂಸ್ಟರ್ ಹಾಕಿಸ್ಕಂಡ್ರಾ? ಸಿಕ್ಕಾಪಟ್ಟೆ ಏರೈತೆ! ಲಸಿಕೆ ಹಾಕಿಸ್ಕಂಡ ಹೊಸದ್ರಲ್ಲೂ ಇಷ್ಟು ಇತ್ತೋ ಇಲ್ವೋ."

"ಇಲ್ಲಪ್ಪ. ಒಂದು ನೆಗಡಿ ಬಂದಿತ್ತು, ಅಷ್ಟೇ."

"ಹಂಗಾದ್ರೆ ಅದೇ ಕಣಣ್ಣ! ಕೊರೊನಾ ಬಂದು ಹೋಗೈತೆ. ನಿಮಗೆ ಗೊತ್ತೇ ಆಗಿಲ್ಲ."

ನಾನು ಕುರ್ಚಿಯ ತುದಿಗೆ ಸರಿದೆ. "ಇದ್ರಲ್ಲಿ ಹಳೇದು ಎಷ್ಟು, ಹೊಸದು ಎಷ್ಟು ಅಂತ ಬೇರೆ ಮಾಡಿ ಹೇಳು" ಎಂದೆ.

"ಅದು ಆಗಲ್ಲ ಅಣ್ಣ. ಎಲ್ಲಾ ಒಂದೇ ಎಣಿಕೆ."

ಹಳೇಬೀಡಿನಲ್ಲಿ ಹತ್ತಿದವರು ಯಾರು, ಜಾವಗಲ್ಲಿನಲ್ಲಿ ಹತ್ತಿದವರು ಯಾರು ಎಂದು ಮುಖ ನೋಡಿಯೇ ಹೇಳುತ್ತಿದ್ದವನು ನಾನು. ನನ್ನದೇ ರಕ್ತದಲ್ಲಿ ರತ್ನಳ ಜೊತೆ ಹತ್ತಿದವರು ಯಾರು, ಮದುವೆಮನೆಯಲ್ಲಿ ಹತ್ತಿದವರು ಯಾರು ಎಂದು ಗುರುತು ಸಿಗದೇ ಹೋಯಿತು. ಅಲ್ಲೇ, ಆ ಕುರ್ಚಿಯಲ್ಲೇ, ಗಳಗಳ ಅತ್ತುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನನಗೇನೋ ದೊಡ್ಡ ಕಾಯಿಲೆಯೇ ಇರಬೇಕೆಂದು ಲೊಚಗುಟ್ಟಿದರು. ಧರಣೇಂದ್ರ ಬಾಗಿಲು ಮುಂದೆ ಮಾಡಿ ನೀರು ಕೊಟ್ಟ. ಬುಡ್ಡಿ, ಬೆಂಚು, ಬೂವ, ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ನಗಲಿಲ್ಲ. "ಎಣಿಕೆ ಇಳಿದ್ರೂ ಆ ಲಸಿಕೆ ಗುರುತು ಒಳಗೆ ಉಳಿದಿರ್ತದೆ ಅಣ್ಣ. ಕಾಯಿಲೆ ಬಂದಾಗ ಬೇಗ ಎದ್ದು ಹೊಡೆದಾಡಿದ್ದು ಅದೇ ಇರ್ಬೇಕು. ದಮ್ಮು ಕಾಯಿಲೆ ಇರೋ ನೀವು ಬರೀ ಒಂದು ನೆಗಡೀಲಿ ಎದ್ದು ಕೂತಿದ್ದೀರಲ್ಲ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡೆ. ಸುಮಾಗೆ ಫೋನ್ ಮಾಡಿ, ಡಾಕ್ಟರು ಯಾವಾಗ ಅನ್ನುತ್ತಾರೋ ಆಗ ಬೂಸ್ಟರ್ ಹಾಕಿಸಿಕೊಳ್ಳುತ್ತೇನೆ ಎಂದೆ. ಜೋಪಾನ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಜಾವಗಲ್ ದಾಟಿದ ಮೇಲೆ ಧರಣೇಂದ್ರನ ಮಾತು ತಲೆಯೊಳಗೆ ಮತ್ತೆ ಮತ್ತೆ ತಿರುಗತೊಡಗಿತು. ರತ್ನ ಆ ಕಾಯಿಲೆಗೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿದವಳಲ್ಲ. ಅದೂ ತನಗಲ್ಲ, ನನಗೆ ಬಂದುಬಿಟ್ಟರೆ ಎಂದು. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದಳು. ಪೇಪರನ್ನು ಬಿಸಿಲಿಗೆ ಹರವಿ ಸಂಜೆಗೆ ಓದಲು ಕೊಟ್ಟಳು. ಆಗ ನಾನಿನ್ನೂ ರಿಟೈರಾಗಿರಲಿಲ್ಲ, ಡ್ಯೂಟಿಯಿಂದ ಬಂದರೆ ಹಿತ್ತಲಲ್ಲಿ ನಿಲ್ಲಿಸಿ ಎಮ್ಮೆಗೆ ಹುಯ್ದಂತೆ ನೀರು ಹುಯ್ದು ಒಳಗೆ ಬಿಟ್ಟಳು. ದೇವರ ಮುಂದೆ ನಿಂತು, "ಇವ್ರಿಗೊಂದು ಬರದಂಗೆ ನೋಡ್ಕಳಪ್ಪ, ಇವ್ರು ತಡೆಯಲ್ಲ" ಎಂದು ಗೋಗರೆಯುತ್ತಿದ್ದಳು. ಅದು ಬಂತು. ಅವಳಿಲ್ಲದ ಮನೆಗೆ ಬಂದು, ನೆಂಟರ ಹಾಗೆ ಮೂರ್ನಾಲ್ಕು ದಿನ ಇದ್ದು, ಹೋಯಿತು. ನಾನು ತಡೆದುಕೊಂಡೆ. ಈ ಸುದ್ದಿ ಕೇಳಿ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಡಬೇಕಾಗಿದ್ದವಳು ಒಬ್ಬಳೇ, ಅವಳಿಗೆ ಹೇಳುವಂತಿಲ್ಲ.

ಆದರೂ ತಡೆಯಲಾಗಲಿಲ್ಲ. ಮನೆಯ ಬೀಗ ತೆಗೆದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಜೋರಾಗಿಯೇ ಹೇಳಿದೆ. "ರತ್ನಾ, ಅದು ಬಂದು ಹೋಯ್ತು ಕಣೇ. ನನಗೇನೂ ಆಗ್ಲಿಲ್ಲ."

ಅವಳಿದ್ದಿದ್ದರೆ ಕಣ್ಣೊರೆಸಿಕೊಂಡು, ಮರುಕ್ಷಣವೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮನೆಗೆ ಬಂದೋರಿಗೆ ಒಂದ್ ಲೋಟ ಕಾಫಿನಾದ್ರೂ ಕೊಟ್ರಾ, ಇಲ್ಲ ಹಂಗೇ ಕಳಿಸಿದ್ರಾ?" ಎಂದು ಕೇಳುತ್ತಿದ್ದಳು.

ಕೊಟ್ಟಿರಲಿಲ್ಲ. ಕಾಫಿ ಮಾಡುವುದನ್ನು ಅವಳು ನನಗೆ ಕಲಿಸಿ ಹೋಗಿಲ್ಲ.