ಮೂವತ್ತು ಅಡಿ ಹಗ್ಗ

ಸಿಕಂದರ್ ಎಳೆದ ರಭಸಕ್ಕೆ ಉಳುಕಿದ್ದು ಜಗದೇವಪ್ಪ ಸಾಹೇಬರ ಬಲಗೈ. ಎಡಗೈ ಉಳುಕಿದ್ದರೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ಸಾಹೇಬರು ಸಹಿ ಮಾಡುವುದು ಬಲಗೈಯಲ್ಲಿ. ಆ ಒಂದು ಸಹಿಗಾಗಿ ಸಂಗಮನಾಥ ಹನ್ನೊಂದು ದಿನದಿಂದ ಕಾದಿದ್ದ.

ಶಹಾಪುರದ ಹತ್ತಿರದ ಕಾಲುವೆ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಮನೆ ರಂಗಂಪೇಟೆಯಲ್ಲಿ. ಮಗಳು ಏಳುವ ಮೊದಲೇ ಬಸ್ಸು ಹತ್ತಬೇಕು. ಕಚೇರಿಯ ಕೆಲಸ, ಆಮೇಲೆ ಸಾಹೇಬರ ಮನೆಯ ಕೆಲಸ ಮುಗಿಸಿ ಮರಳುವಷ್ಟರಲ್ಲಿ ಅವಳು ಮಲಗಿರುತ್ತಿದ್ದಳು. ಮೂರು ವರ್ಷದ ಆ ಕೂಸು ಭಾನುವಾರವಷ್ಟೇ ಕಾಣುವ ಅಪ್ಪನನ್ನು 'ಐತವಾರದ ಮಾಮಾ' ಎಂದು ಕರೆಯುತ್ತಿತ್ತು. ಕೊನೆಗೂ ಮನೆಗೆ ಹತ್ತಿರದ ಸುರಪುರಕ್ಕೆ ವರ್ಗದ ಆದೇಶ ಬಂದಿತ್ತು. ಇನ್ನು ಬಿಡುಗಡೆ ಪತ್ರಕ್ಕೆ ಸಾಹೇಬರ ಸಹಿ ಬಿದ್ದರೆ ಸಾಕು. ನಾಳೆ ಬೆಳಿಗ್ಗೆ ಹಾಜರಾಗದಿದ್ದರೆ ಆ ಜಾಗ ಹೋದಂತೆಯೇ. ಯಾದಗಿರಿಯವನೊಬ್ಬ ಆಗಲೇ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದವನಂತೆ ಆ ಕುರ್ಚಿಯ ಮೇಲೆ ಕಣ್ಣು ಹಾಕಿ ಕೂತಿದ್ದ.

ಅಂದು ಬೆಳಿಗ್ಗೆ ಸಾಹೇಬರು ಕೊರಳಿಗೆ ಕಟ್ಟಿದ ಕೈಯನ್ನು ಎಡಗೈಯಿಂದ ಸವರುತ್ತ ಅಂದರು:

"ಸಂಗಮನಾಥ, ಡಾಕ್ಟರು ಇವತ್ತ ಸಂಜಿಗಿ ಒಂದ ಸಹಿ ಮಾಡಾಕ ಇಜಾಜತ್ ಕೊಟ್ಟಾರ. ಒಂದಽ. ನಾ ಯಾದಗಿರಿ ಮೀಟಿಂಗ್ ಮುಗಿಸಿ ಐದಕ್ಕ ಬರ್ತೀನಿ. ಅಷ್ಟರಾಗ ಈ ಸಿಕಂದರ್ ಹಗ್ಗ ಜಗ್ಗಲಾರದಂಗ ನಡಿಬೇಕು. ನಡೀತಂದ್ರ ಆ ಸಹಿ ನಿಂದು."

"ನಡಸ್ತೀನ್ರಿ ಸಾಹೇಬ್ರ," ಎಂದ ಸಂಗಮನಾಥ. ಸಿಕಂದರ್ ಕರುವಿನಷ್ಟು ಎತ್ತರದ ಲ್ಯಾಬ್ರಡಾರ್. ಅದು ಅವನನ್ನು ನೋಡಿ ಆಕಳಿಸಿತು.

ಸಾಹೇಬರ ಮಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ನಿಯಮಗಳನ್ನು ಬರೆದುಕೊಟ್ಟಳು. ನಾಯಿಗೆ ಮೂವತ್ತು ಅಡಿ ಉದ್ದದ ಹಗ್ಗ ಕಟ್ಟಬೇಕು. ಹಗ್ಗ ಸಡಿಲ ಇದ್ದಾಗ ನಡೆಯಬೇಕು, ನಡುನಡುವೆ ಬಿಸ್ಕೀಟು ಕೊಡಬೇಕು. ಬಿಗಿಯಾದರೆ ಕಂಬದಂತೆ ನಿಲ್ಲಬೇಕು. ಎಳೆಯಬಾರದು, ಬಯ್ಯಬಾರದು. ನಾಯಿ ತಾನಾಗಿಯೇ ತಿರುಗಿ ಬಂದರೆ ಮುಂದಕ್ಕೆ. ಎಷ್ಟು ಸಲ ಬಿಗಿಯಾಯಿತೋ ಅಷ್ಟು ಗೆರೆ ಕಾಗದದಲ್ಲಿ ಎಳೆಯಬೇಕು. ಹನ್ನೆರಡು ವರ್ಷದ ನೌಕರಿಯಲ್ಲಿ ಇಷ್ಟು ಸ್ಪಷ್ಟವಾದ ಸುತ್ತೋಲೆ ಸಂಗಮನಾಥನ ಕೈಗೆ ಬಂದಿರಲಿಲ್ಲ.

ಮೂವತ್ತು ಅಡಿ ಹಗ್ಗಕ್ಕೆ ಅವನು ಕಚೇರಿಯ ಉಗ್ರಾಣ ಹುಡುಕಿದ. ಸಿಕ್ಕಿದ್ದು ನೆಲ ಅಳೆಯುವ ಹಳೆಯ ಹಗ್ಗ. ಹತ್ತು ಅಡಿಗೊಂದು ಕೆಂಪು ಬಟ್ಟೆಯ ಗಂಟು.

ಕಾಲುವೆಯ ದಂಡೆಯ ರಸ್ತೆಯಲ್ಲಿ ತಗಡಿನ ಅಂಗಡಿಗಳು ವರ್ಷಕ್ಕೆ ಒಂದೊಂದು ಅಡಿ ಮುಂದೆ ಬಂದು ಈಗ ನೀರಿಗೆ ಕಾಲು ಇಳಿಬಿಡುವುದೊಂದು ಬಾಕಿಯಿತ್ತು. ಹಿಂದಕ್ಕೆ ಸರಿಯಿರೆಂದು ಏಳು ವರ್ಷದಿಂದ ಕಚೇರಿ ನೋಟೀಸು ಕೊಡುತ್ತಲೇ ಇತ್ತು. ಕಾಗದ ದಪ್ಪಗಿರುತ್ತದೆಂದು ಮಲಕಮ್ಮ ಅದರಲ್ಲೇ ಮಿರ್ಚಿ ಬಜಿ ಕಟ್ಟಿಕೊಡುತ್ತಿದ್ದಳು.

ಸಿಕಂದರ್ ಮೊದಲು ಜಗ್ಗಿದ್ದೇ ಆ ಬಜಿಯ ವಾಸನೆಗೆ. ಹಗ್ಗ ಬಿಗಿಯಾಯಿತು. ಸಂಗಮನಾಥ ಕಂಬದಂತೆ ನಿಂತ, ಗೆರೆ ಎಳೆದ.

ಮಲಕಮ್ಮ ಜಾಲರಿ ಎತ್ತಿಹಿಡಿದು ನೋಡಿದಳು. ಕಾಲುವೆ ಕಚೇರಿಯ ಮನುಷ್ಯ. ಕೈಯಲ್ಲಿ ಕೆಂಪು ಗಂಟಿನ ಹಗ್ಗ. ಕಾಗದ.

"ಇದೇನೋ ತಮ್ಮಾ, ನನ್ನ ಒಲಿ ಮುಂದಽ ನಿಂತಿ?"

"ಹಗ್ಗ ಬಿಗಿ ಆಗ್ಯಾದ ಯವ್ವಾ. ಬಿಗಿ ಆದಲ್ಲಿ ನಿಲ್ಲಂತ ಸಾಹೇಬ್ರ ಹುಕುಂ."

"ಮತ್ತ ಗೆರಿ ಯಾಕ ಹೊಡದಿ?"

"ಸಂಜಿಗಿ ಸಾಹೇಬ್ರಿಗಿ ಲೆಕ್ಕ ಒಪ್ಪಸಬೇಕು."

ಮಲಕಮ್ಮನ ಬಜಿ ಎಣ್ಣೆಯಲ್ಲೇ ಕರಕಾಯಿತು. ಅವಳು ಗಾಬರಿಯಿಂದ ಎರಡು ಬಜಿ ತೆಗೆದು ಪಕ್ಕದ ಅಂಗಡಿಯ ಕಡೆಗೆ ಎಸೆದಳು. ನಾಯಿ ಅತ್ತ ಹಾರಿತು. ಅದು ಸರದಾರಸಾಬನ ಪಂಕ್ಚರ್ ಅಂಗಡಿ. ಹಗ್ಗ ಅಲ್ಲಿ ಬಿಗಿಯಾಯಿತು. ಇನ್ನೊಂದು ಗೆರೆ.

"ಖರೇ ಹೇಳ್ರಿ," ಸರದಾರಸಾಬ ಟ್ಯೂಬು ಕೆಳಗಿಟ್ಟು ಬಂದ, "ಇದು ಸರ್ವೇ ಹೌದಲ್ರಿ?"

"ಅಲ್ರಿ ಸರದಾರಭಾಯ್! ನಾಯಿಗಿ ನಡಿಯೂದು ಕಲಸಾಕತ್ತೇನಿ."

ಸರದಾರಸಾಬ ಅವನನ್ನು ಮರುಕದಿಂದ ನೋಡಿದ. "ನಾಲ್ಕ ಕಾಲಿದ್ದದ್ದಕ್ಕ ಎರಡ ಕಾಲಿನವ ನಡಿಯೂದು ಕಲಸ್ತಾನ? ಸರಕಾರದವ್ರು ಸುಳ್ಳ ಹೇಳೂದಾದ್ರೂ ಜರಾ ನಂಬೂವಂಗ ಹೇಳ್ರಿ."

ಸುದ್ದಿ ಚಹದಂಗಡಿಯ ಮಲ್ಕಪ್ಪನಿಗೆ ಮುಟ್ಟಿತು. ದಂಡೆಯ ಅಂಗಡಿಗಳಿಗೆಲ್ಲ ಅವನೇ ಪುಢಾರಿ. ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿ ತೀರ್ಪು ಕೊಟ್ಟ: "ತಿಳೀತು. ನಾಯಿ ಎಲ್ಲಿ ಜಗ್ಗತದೋ ಅಲ್ಲಿ ಗೆರಿ. ಮನಷ್ಯಾ ಅಳದ್ರ ನಾವು ವಶೀಲಿ ಹಚ್ಚತೀವಿ ಅಂತ ಈ ಸಲ ನಾಯಿ ಕೈಲೆ ಅಳಸಾಕತ್ತಾರ!"

ಅಲ್ಲಿಂದ ಯುದ್ಧ ಶುರುವಾಯಿತು. ಮಲ್ಕಪ್ಪ ಸರದಾರಸಾಬನ ಅಂಗಡಿಯತ್ತ ಬನ್ನು ಎಸೆದ. ಸರದಾರಸಾಬ ಮಲಕಮ್ಮನ ಕಡೆಗೆ ಕೋಳಿಯ ಮೂಳೆ ಎಸೆದ. ಮಲಕಮ್ಮ ಬುಟ್ಟಿ ಬಜಿಯನ್ನೇ ಮಲ್ಕಪ್ಪನ ಬೆಂಚಿನ ಕೆಳಗೆ ಸುರಿದಳು. ಸಿಕಂದರ್ ಮದುವೆ ಮನೆಯ ಬೀಗರಂತೆ ಎಲ್ಲರ ಉಪಚಾರ ಸ್ವೀಕರಿಸುತ್ತ ಸುತ್ತಿತು. ಹಗ್ಗ ಬೆಂಚಿಗೆ ಸುತ್ತಿತು, ಸೈಕಲ್ಲಿಗೆ ಸುತ್ತಿತು, ಕೊನೆಗೆ ಸಂಗಮನಾಥನನ್ನು ಚಹದಂಗಡಿಯ ಕಂಬಕ್ಕೆ ಬಿಗಿಯಿತು. ಅವನು ಎಳೆಯಲಿಲ್ಲ, ಬಯ್ಯಲಿಲ್ಲ. ಕಂಬದಂತೆ ನಿಲ್ಲಬೇಕೆಂಬ ನಿಯಮವನ್ನು ಕಂಬಕ್ಕೇ ಕಟ್ಟಿಸಿಕೊಂಡು ಪಾಲಿಸಿದ.

ಮಲ್ಕಪ್ಪ ಇಡಿ ಹಾಲಿನ ಚಹ ತಂದು ಮುಂದೆ ಹಿಡಿದ. "ಒಂದ ಗುಟುಕು ಕುಡೀರಿ. ಗೆರಿ ಜರಾ ಆ ಕಡೆ ಸರಸ್ರಿ."

"ಬ್ಯಾಡ್ರಿ," ಎಂದ ಸಂಗಮನಾಥ. ಅವನ ಎರಡೂ ಕೈ ಹಗ್ಗದೊಳಗಿದ್ದವು.

ದಂಡೆಯ ಜನ ನೋಟೀಸು ಕಂಡಿದ್ದರು, ಜೀಪು ಕಂಡಿದ್ದರು, ಪೊಲೀಸರನ್ನೂ ಕಂಡಿದ್ದರು. ಚಹ ಬೇಡ ಅನ್ನುವ ಕಚೇರಿಯ ಮನುಷ್ಯನನ್ನು ಯಾರೂ ಕಂಡಿರಲಿಲ್ಲ.

"ಆತು," ಮಲ್ಕಪ್ಪನ ದನಿ ಉಡುಗಿತು. "ಇದು ಮ್ಯಾಲಿಂದ ಬಂದ ಆರ್ಡರ್. ಚಾ ಸುದ್ದಾ ಮುಟ್ಟವಲ್ಲ."

ಯಾರೋ ಬಂದು ಹಗ್ಗ ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಸಿಕಂದರ್‌ನ ಹೊಟ್ಟೆ ತುಂಬಿದ ಜೋಳದ ಚೀಲದಂತಾಗಿತ್ತು. ಜಗ್ಗುವ ಶಕ್ತಿಯೂ ಉಳಿಯಲಿಲ್ಲ, ಆಸೆಯೂ ಉಳಿಯಲಿಲ್ಲ. ಹಗ್ಗ ನೆಲಕ್ಕೆ ಜೋತುಬಿತ್ತು. ಸಂಗಮನಾಥ ಉಸಿರು ಬಿಗಿಹಿಡಿದು ದಂಡೆಯುದ್ದಕ್ಕೂ ನಡೆದ. ನಾಯಿ ಪಕ್ಕದಲ್ಲೇ ಬಂತು. ಹಿಂದೆ ತಗಡಿನ ಸದ್ದು, ಸುತ್ತಿಗೆಯ ಸದ್ದು ಕೇಳುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ಕಣ್ಣೆಲ್ಲ ಹಗ್ಗದ ಮೇಲೆ, ಮನಸ್ಸೆಲ್ಲ ರಂಗಂಪೇಟೆಯಲ್ಲಿ. ನಾಳೆಯಿಂದ ಮಗಳು ಅಪ್ಪಾ ಅನ್ನುತ್ತಾಳೆ.

ಐದಕ್ಕೆ ಜೀಪು ಬಂತು. ಸಾಹೇಬರ ಎದುರು ಸಿಕಂದರ್ ಹಗ್ಗ ಒಂದಿಷ್ಟೂ ಬಿಗಿಯದೆ ನಡೆದು ಬಂದು ಕೂತಿತು.

"ಶಾಬಾಸ್! ಕಾಗದ ತಾ."

ಸಂಗಮನಾಥ ಅಂಗಿಯ ಜೇಬಿನಿಂದ ಬಿಡುಗಡೆ ಪತ್ರ ತೆಗೆದು ಜೀಪಿನ ಬಾನೆಟ್ಟಿನ ಮೇಲೆ ಹರವಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಬಾಗಿದರು. ಬಾಗಿದವರು ಹಾಗೆಯೇ ತಲೆ ಎತ್ತಿದರು.

"ಇಲ್ಲಿ ಅಂಗಡಿ ಇದ್ವಲ್ಲ, ಎಲ್ಲಿ ಹೋದ್ವು?"

ಸಂಗಮನಾಥ ಆಗ ತಿರುಗಿ ನೋಡಿದ. ದಂಡೆಯ ರಸ್ತೆ ಹಬ್ಬಕ್ಕೆ ಸಾರಿಸಿದ ಅಂಗಳದಂತಿತ್ತು. ಅಂಗಡಿಗಳೆಲ್ಲ ದೂರ ಬೇಲಿಯ ಬದಿಗೆ ಸರಿದು ಮೈ ಹಿಡಿಯಾಗಿಸಿ ನಿಂತಿದ್ದವು. ಮಲ್ಕಪ್ಪ ಕೈಮುಗಿದು ಮುಂದೆ ಬಂದ.

"ನಿಮ್ಮ ಗುಮಾಸ್ತ್ರು ಅಳದಂಗ ಪೂರಾ ಮೂವತ್ತು ಅಡಿ ಹಿಂದಕ್ಕ ಸರಿದೀವ್ರಿ ಸಾಹೇಬ್ರ. ಭಾಳ ಕಡಕ್ ಮನಷ್ಯಾ. ಚಾ ಸುದ್ದಾ ಕುಡೀಲಿಲ್ಲ."

"ಇಲ್ರಿ ಸಾಹೇಬ್ರ! ನಾ ಏನೂ ಅಳದಿಲ್ರಿ! ಬರೇ ನಾಯಿ..."

"ನೋಡು, ಮ್ಯಾಲ ಇಷ್ಟ ವಿನಯ!" ಸಾಹೇಬರ ಕಣ್ಣು ತುಂಬಿತು. "ಏಳ ವರ್ಷ ನಾ ಮಾಡಲಾರದ್ದು ನೀ ಒಂದ ದಿನದಾಗ ಮಾಡೀದಿ. ಇಂಥಾವನ್ನ ಬಿಟ್ಟಕೊಟ್ರ ನನ್ನಂಥಾ ಹುಚ್ಚ ಯಾರದಾನ? ಇನ್ನಾ ಎಂಟು ಕಿಲೋಮೀಟರ್ ದಂಡಿ ಬಾಕಿ ಅದ. ಆ ಕಾಗದ ಬೋರಲ ಹಾಕು. ನನ್ನ ಕೈ ನೋಯ್ತದ, ನೀನಽ ಬರಿ."

ಸಾಹೇಬರು ಹೇಳುತ್ತ ಹೋದರು. ಸಂಗಮನಾಥ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: 'ಸದರಿ ನೌಕರನ ಸೇವೆ ಇಲ್ಲಿ ಅತ್ಯವಶ್ಯವಿದ್ದು, ಸಾರ್ವಜನಿಕ ಹಿತದೃಷ್ಟಿಯಿಂದ ಬಿಡುಗಡೆ ಮಾಡಲು ಬರುವುದಿಲ್ಲ.' ಸಾಹೇಬರು ಹಲ್ಲು ಕಚ್ಚಿ ನೋವು ತಡೆದು, ಡಾಕ್ಟರು ಕೊಟ್ಟ ಆ ಒಂದು ಸಹಿಯನ್ನು ಅದರ ಕೆಳಗೆ ಮಾಡಿದರು.

ದೊಡ್ಡ ರಸ್ತೆಯಲ್ಲಿ ಸುರಪುರದ ಬಸ್ಸು ಹಾರ್ನ್ ಹೊಡೆಯಿತು. ಸಂಗಮನಾಥನ ಕಾಲುಗಳು ತಾವಾಗಿ ಆ ಕಡೆ ನಾಲ್ಕು ಹೆಜ್ಜೆ ಇಟ್ಟವು.

"ಸಂಗಮನಾಥ!"

ಅವನು ನಿಂತ. ತಿರುಗಿದ. ಮರಳಿ ಬಂದು ಸಾಹೇಬರ ಪಕ್ಕದಲ್ಲಿ ನಿಂತ.

ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಜೇಬಿನಿಂದ ಎರಡು ಬಿಸ್ಕೀಟು ತೆಗೆದು ಒಂದನ್ನು ಸಿಕಂದರ್‌ನ ಬಾಯಿಗೆ ಹಾಕಿ, ಇನ್ನೊಂದನ್ನು ಅವನ ಅಂಗೈಯಲ್ಲಿಟ್ಟರು.